ಧೂಳಿನ ಹೊಡೆದಾಟ

ಪರದೆಯ ತುಂಬ ಧೂಳು. ಅದರೊಳಗೆ ಬಡಿಗೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಏಟು ತಿಂದವನು ಮಾತ್ರ ಒಬ್ಬನೂ ಕಾಣುತ್ತಿರಲಿಲ್ಲ. ಹಿಂದಿನ ಸಾಲಿನ ಪರವೂರಿನವನೊಬ್ಬ, ಇಂಥ ಸಪ್ಪೆ ಸಿನಿಮಾ ತಾನು ಕಂಡೇ ಇಲ್ಲವೆಂದು ಗೊಣಗಿದ.

ಅದು ನಮ್ಮದೇ ಹಳೆಯ ಕತೆ. ಒಂದು ಕಾಲಕ್ಕೆ ಗಿರಣಿ ಕಾರ್ಮಿಕರ ಮೇಲಿನ ಚಾಳಿನವರೂ ಕೆಳಗಿನ ಚಾಳಿನವರೂ ಫುಟ್‌ಬಾಲಿನ ನೆಪದಲ್ಲಿ ತಲೆ ಒಡೆದುಕೊಳ್ಳುತ್ತಿದ್ದರು. ಪಂದ್ಯದ ದಿನ ಎರಡೂ ಕಡೆಗೆ ಪುಕ್ಕಟೆ ಸಾರಾಯಿ ಕಳಿಸುತ್ತಿದ್ದವನು ಗಿರಣಿಯ ಮಾಲೀಕ. ನಾವು ಬಡಿದಾಡಿಕೊಂಡಿದ್ದಷ್ಟು ದಿನ ಹಕ್ಕು ಕೇಳಲು ಅವನ ಗೇಟಿನ ಮುಂದೆ ಒಟ್ಟಾಗಿ ನಿಲ್ಲುತ್ತಿರಲಿಲ್ಲವಲ್ಲ! ಅಂಥದೊಂದು ಪಂದ್ಯದಲ್ಲಿ ಮೇಲಿನ ಚಾಳಿನ ದ್ಯಾಮವ್ವನ ಹಿರಿಯ ಮಗ ಕಲ್ಲೇಟಿಗೆ ಸತ್ತ. ಆಮೇಲೆ ಹುಟ್ಟಿದ್ದು ನಮ್ಮ ಪದ್ಧತಿ: ಪ್ರತಿ ತಂಡದ ಗೋಲ್‌ಕೀಪರ್ ಎದುರು ಚಾಳಿನವನೇ ಆಗಬೇಕು. ತಮ್ಮ ಮನೆಯ ಹುಡುಗ ಆ ಕಡೆ ನಿಂತಿರುವಾಗ ಕಲ್ಲೆಸೆಯುವವರು ಯಾರು?

ಸಿನಿಮಾದವರು ಬಂದಾಗ, ಸಾರಾಯಿಯ ಸಂಗತಿಯನ್ನೂ ತೋರಿಸಿರೆಂದು ಚಾಳಿನ ನಾವು ಕೆಲವರು ಕಟ್ಟಿಕೊಂಡಿದ್ದ ಓದುಬಳಗ ಕೇಳಿಕೊಂಡಿತು. ನಿರ್ದೇಶಕರು ನಕ್ಕರು.

"ಜನಕ್ಕೆ ಹೊಡೆದಾಟ ಬೇಕು ಸ್ವಾಮಿ, ಭಾಷಣ ಬೇಡ."

ಅದೇ ಮೈದಾನ, ಅವೇ ಬೈಗುಳ. ಎರಡೂ ಚಾಳಿನ ಹುಡುಗರನ್ನು ಕೂಲಿಗೆ ಹಿಡಿದು ಎದುರುಬದುರು ನಿಲ್ಲಿಸುವುದೆಂದಾಯಿತು. ದ್ಯಾಮವ್ವನ ಕಿರಿಮಗ ಯಲಗೂರನಿಗೂ ಬಡಿಗೆ ಕೊಟ್ಟರು.

ಚಿತ್ರೀಕರಣದ ಹಿಂದಿನ ದಿನ ದ್ಯಾಮವ್ವ ಕೆಳಗಿನ ಚಾಳಿನ ನೀಲವ್ವನನ್ನು ಕರೆದುಕೊಂಡು ಮನೆಮನೆ ಹತ್ತಿ ಇಳಿದಳು. ಅಂದು ಕಲ್ಲೆಸೆದು ಜೈಲು ಕಂಡವನು ಈ ನೀಲವ್ವನ ಮಗನೇ. ನಾನೂ ಹಿಂದೆ ನಡೆದೆ.

"ಬಡಿಗಿ ನೆಲಕ್ಕ ಬೀಳ್ಲಿ," ಎಂದು ಎಲ್ಲರಿಗೂ ಹೇಳಿದಳು ದ್ಯಾಮವ್ವ.

"ಯವ್ವಾ, ಸಿನಿಮಾ ಅಂದ್ರ ಸುಳ್ಳ ಬೇ," ಎಂದ ಯಲಗೂರ.

"ಬಡಿಗಿ ಖರೇ ಐತಲ್ಲೋ. ಒಂದು ಮೈಗೆ ತಾಗ್ತು ಅಂದ್ರ ಎರಡನೇದು ಯಾರೂ ಹೇಳದ ಬರ್ತದ. ಒಬ್ಬನ್ನ ಕೊಟ್ಟೇನಿ. ಇನ್ನೊಬ್ಬನ್ನ ಕೊಡಂಗಿಲ್ಲ."

ಮರುದಿನ ಸಿಟ್ಟು ಸಾಲದೆಂದು ಕೂಗಿ ಕೂಗಿ ನಿರ್ದೇಶಕರ ಗಂಟಲು ಬಿದ್ದುಹೋಯಿತು. ಅವರು ಕೂಗಿದಷ್ಟೂ ಹುಡುಗರು ನೆಲವನ್ನೇ ಬಡಿದರು. ಎದ್ದದ್ದು ಧೂಳೊಂದೇ. ಕೂಲಿ ಕೊಡುವುದಿಲ್ಲವೆಂದು ಹೆದರಿಸಿದರೂ ಯಾರೂ ಬಗ್ಗಲಿಲ್ಲ.

ಚಿತ್ರದಲ್ಲಿ ಕಾವಿಲ್ಲವೆಂದು ಪತ್ರಿಕೆಗಳು ಬರೆದವು. ನಿಜವೇ. ಆ ಕಾವು ಆರಿಸಿದವರು ನಾವು.

ಟಾಕೀಸಿನ ಕತ್ತಲಲ್ಲಿ ಪಕ್ಕಕ್ಕೆ ತಿರುಗಿ ನೋಡಿದೆ. ಪರದೆಯ ಮೇಲೆ ಯಲಗೂರ ಅರಚುತ್ತ ಓಡಿಬರುತ್ತಿದ್ದ. ದ್ಯಾಮವ್ವ ನೀಲವ್ವನ ಹೆಗಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಅವಳಿಗೆ ಎಚ್ಚರವಾಗದಂತೆ ನೀಲವ್ವ, ಜಾರಿದ ಅವಳ ಸೆರಗನ್ನು ಮೆಲ್ಲಗೆ ಮೇಲಕ್ಕೆಳೆದು ಹೊದಿಸುತ್ತಿದ್ದಳು.