ಅಳತೆಯ ಸೈಕಲ್ಲು

೨೦೧೯ರ ನವೆಂಬರ್ ಹದಿನೇಳು, ಭಾನುವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಗಂಡ ಶಿಳ್ಳೆ ಹಾಕುತ್ತ ಸೈಕಲ್ಲಿನ ಮುಂದಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಮದುವೆಯಾದ ಇಷ್ಟು ವರ್ಷದಲ್ಲಿ ಅವನ ಶಿಳ್ಳೆಯನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಸ್ಕೂಟರಿನ ಕೀಲಿ ಹಿಡಿದು ಬಾಗಿಲಲ್ಲೇ ನಿಂತಳು.

"ನನ್ನ ಬೆನ್ನಿಗೇ ಬಾ. ಲಾರಿಯವರು ನನ್ನ ನೋಡಲ್ಲ, ನಿನ್ನ ದೀಪ ನೋಡ್ತಾರೆ."

"ಗೊತ್ತು ರೀ. ಹೋದ ಸಲಾನೂ ನಾನೇ ತಾನೆ ಬಂದಿದ್ದು."

"ಹೌದಲ್ಲ," ಎಂದ ಅವನು, "ನೀನೇ."

ಅವನು ಭೂಮಾಪನ ಕಚೇರಿಯ ಸರ್ವೆಯರ್. ಓಟಗಾರರ ಸಂಘದಲ್ಲಿ ಎಲ್ಲರ ಬಾಯಲ್ಲೂ 'ಟೇಪು'. ಗಡುವಿನೊಳಗೆ ಓಡಿ ತೋರಿಸಿದವರನ್ನಷ್ಟೇ ಸೇರಿಸಿಕೊಳ್ಳುವ ದೊಡ್ಡ ಮ್ಯಾರಥಾನೊಂದಕ್ಕೆ ಅರ್ಹನಾಗಬೇಕೆಂದು ಆರು ವರ್ಷ ಓಡಿ, ಕೊನೆಯ ಸಲ ನಲವತ್ತು ಸೆಕೆಂಡಿನಲ್ಲಿ ತಪ್ಪಿಹೋಗಿ, ಬೂಟುಗಳನ್ನು ಅಟ್ಟಕ್ಕೆ ಎಸೆದಿದ್ದ. ಆಮೇಲೆ ಹಿಡಿದದ್ದು ಸೈಕಲ್ಲಿನಲ್ಲಿ ಓಟದ ಹಾದಿ ಅಳೆಯುವ ಕೆಲಸ. ಅವಳು ರಕ್ತಪರೀಕ್ಷೆಯ ಲ್ಯಾಬಿನವಳು. ಮೂರು ವಾರದ ಕೆಳಗೆ, ಅವನು ಅಳೆದ ಹಾದಿಯಲ್ಲೇ, ಮೂರು ಗಂಟೆ ನಲವತ್ತೆಂಟು ನಿಮಿಷದಲ್ಲಿ ಓಡಿ ಮುಗಿಸಿದ್ದಳು. ಅವಳ ವಯಸ್ಸಿನವರಿಗೆ ಗಡುವು ಮೂರು ಗಂಟೆ ಐವತ್ತು.

"ಟೇಪಿಗೆ ಆಗದ್ದು ಟೇಪಿನ ಹೆಂಡ್ತಿಗೆ ಆಯ್ತಲ್ಲಪ್ಪ," ಎಂದು ಸಂಘದವರು ನಕ್ಕರು. ಅವನೂ ನಕ್ಕ. ಮರುವಾರ ತಾನಾಗಿ ಕಾರ್ಯದರ್ಶಿಯ ಮನೆಗೆ ಹೋಗಿ, ಅಳತೆ ತಪ್ಪಿರಬಹುದು, ಇನ್ನೊಮ್ಮೆ ಅಳೆಯುತ್ತೇನೆ ಎಂದು ಹೇಳಿ ಬಂದ.

ಚಕ್ರದ ಸುತ್ತು ಎಣಿಸಲು ಅದಕ್ಕೊಂದು ಪುಟ್ಟ ಯಂತ್ರ ಕೂರಿಸಿರುತ್ತಾರೆ. ಹೊರಡುವ ಮೊದಲು, ಟೇಪಿನಿಂದ ಅಳೆದ ನೇರ ರಸ್ತೆಯ ಮೇಲೆ ಸೈಕಲ್ ಓಡಿಸಿ ಒಂದು ಸುತ್ತಿಗೆ ಎಷ್ಟು ದೂರವೆಂದು ನೋಡಿಕೊಳ್ಳಬೇಕು. ಮುಗಿದ ಮೇಲೂ ನೋಡಬೇಕು. ನಡುವೆ ಗಾಳಿ ಇಳಿದರೆ ಚಕ್ರ ಕುಗ್ಗುತ್ತದೆ, ಸುತ್ತು ಹೆಚ್ಚುತ್ತದೆ, ಸುತ್ತು ಎಣಿಸಿ ಗುರುತು ಹಾಕಿದ ಹಾದಿ ಗಿಡ್ಡವಾಗುತ್ತದೆ. ಆ ಎರಡನೆಯ ಪರೀಕ್ಷೆಯನ್ನು ಅವನು ಹೋದ ಸಲ ಮಾಡಿರಲಿಲ್ಲ. "ಸಾಕು ಬನ್ನಿ, ಡ್ಯೂಟಿಗೆ ಹೊತ್ತಾಯ್ತು," ಎಂದು ಸ್ಕೂಟರಿನ ಹಾರ್ನ್ ಒತ್ತಿದವಳು ಅವಳೇ.

ಅರ್ಧ ದಾರಿಯಲ್ಲಿ, ಮುಚ್ಚಿದ ಪೆಟ್ರೋಲ್ ಬಂಕಿನ ಮುಂದೆ ನೀರು ಕುಡಿಯಲು ನಿಂತರು.

"ಮಂಡಿ ಡಾಕ್ಟರು ಇನ್ನೊಂದೇ ಮ್ಯಾರಥಾನು ಅಂದಿದಾರೆ ರೀ. ಅದು ಆ ದೊಡ್ಡ ಮ್ಯಾರಥಾನೇ ಆಗ್ಬೇಕು ನನಗೆ. ಅರ್ಹತೆಗೆ ಇನ್ನೊಂದು ಓಡೋಕಾಗಲ್ಲ."

"ನಿನ್ನ ಮಂಡಿ ಕೇಳ್ಕೊಂಡು ರಸ್ತೆ ಉದ್ದ ಆಗುತ್ತಾ?"

"ಅರವತ್ತು ಮೀಟರ್ ಕಮ್ಮಿ ಇದ್ರೂ ಇಪ್ಪತ್ತು ಸೆಕೆಂಡಿನ ಮಾತು. ನನ್ನ ಹತ್ರ ಎರಡು ನಿಮಿಷ ಮಿಕ್ಕಿತ್ತು."

"ಕೂಡಿಸಿ ಕಳೆಯೋಕೆ ಇದೇನು ತರಕಾರಿ ತೂಕಾನಾ? ಹಾದಿ ಗಿಡ್ಡ ಅಂದ್ರೆ ಆ ಓಟ ಲೆಕ್ಕಕ್ಕಿಲ್ಲ. ಒಂದು ಮೀಟರ್ ಆದ್ರೂ ಅಷ್ಟೆ."

"ಯಾರೂ ಕೇಳಿರ್ಲಿಲ್ಲ. ನೀವಾಗಿ ಹೋಗಿ ಹೇಳಿದ್ರಿ."

"ಸೈಕಲ್ ಟ್ಯೂಬು ನೀರಲ್ಲಿ ಅದ್ದಿದ್ದೆ, ಗುಳ್ಳೆ ಬಂತು. ಕಣ್ಣಾರೆ ನೋಡಿ ಸುಮ್ನಿರ್ಲಾ?"

"ಟ್ಯೂಬು ಅದ್ದಿದ್ದು ಯಾವಾಗ? ನಾನು ಓಡೋಕೆ ಮುಂಚೇನೋ, ಆಮೇಲೋ?"

ಅವನು ಬಾಟಲಿಯ ಮುಚ್ಚಳ ತಿರುಗಿಸಿದ. "ನನ್ನ ನಲವತ್ತು ಸೆಕೆಂಡು ಯಾರಾದ್ರೂ ಬಿಟ್ಕೊಟ್ರಾ?" ಎಂದು ಸೈಕಲ್ ಹತ್ತಿದ.

ಮುಕ್ತಾಯದ ಬಿಳಿ ಗೆರೆ ಅರೆಬರೆ ಅಳಿಸಿಹೋಗಿತ್ತು. ಕಾರ್ಯದರ್ಶಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಂಡ ಸೈಕಲ್ಲನ್ನು ಮತ್ತೆ ನೇರ ರಸ್ತೆಗೆ ಒಯ್ದು, ಟೇಪಿನ ಗುರುತುಗಳ ನಡುವೆ ಹೋಗಿ ಬಂದು, ಮತ್ತೆ ಹೋಗಿ ಬಂದ. ಯಾವ ಅವಸರವೂ ಇರಲಿಲ್ಲ. "ಈವತ್ತು ಯಾರಿಗೂ ಡ್ಯೂಟಿ ಇಲ್ಲ ನೋಡಿ," ಎಂದು ಕಾರ್ಯದರ್ಶಿಗೆ ಹೇಳಿ, ಕ್ಯಾಲ್ಕುಲೇಟರನ್ನು ಹೆಂಡತಿಯ ಕೈಗಿಟ್ಟ.

"ನೀನೇ ಹಾಕು. ನಾಳೆ ನಾನು ಸುಳ್ಳು ಹೇಳ್ದೆ ಅನ್ಬಾರ್ದು."

ಅವಳು ಯಂತ್ರದ ಅಂಕಿ ಓದಿಕೊಂಡು ಗುಣಿಸಿದಳು. ಅಳಿಸಿ, ಮೊದಲಿಂದ ಇನ್ನೊಮ್ಮೆ ಗುಣಿಸಿದಳು. ರಕ್ತದ ವರದಿಗಳನ್ನು ಹಾಗೆಯೇ ಎರಡು ಸಲ ನೋಡಿ ಸಹಿ ಮಾಡುವುದು ಅವಳ ರೂಢಿ. ಗಂಡ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಯಂತ್ರದ ತಿರುಪು ಬಿಚ್ಚುತ್ತಿದ್ದ. ಶಿಳ್ಳೆ ನಿಂತಿತ್ತು.

"ಏನಮ್ಮಾ, ಬಂತಾ?" ಎಂದರು ಕಾರ್ಯದರ್ಶಿ. "ನಲವತ್ತೆರಡು ಸಾವಿರದ ನೂರ ತೊಂಬತ್ತೈದು ಇರ್ಬೇಕು."

ಅವಳು ಕ್ಯಾಲ್ಕುಲೇಟರನ್ನು ಬಿಸಿಲಿಗೆ ಮರೆಮಾಡಿ ಹಿಡಿದು ಓದಿದಳು.

"ನಲವತ್ತೆರಡು ಸಾವಿರದ ನೂರ ಇಪ್ಪತ್ತೆಂಟು ಮೀಟರ್."