ಮೈನಸ್ ಎರಡಡಿ ಹಲಗೆ

ಮೇಷ್ಟ್ರಿಲ್ಲದ ಊರಿನ ಕಷ್ಟ ಆ ಊರಿನವರಿಗೇ ಗೊತ್ತು. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ದಕ್ಷಿಣ ತೀರದ ಲೋವರ್ ಟಿಕಲ್‌ನಲ್ಲಿ ಶಾಲೆ ಇದೆ, ಗಂಟೆ ಇದೆ, ಮಕ್ಕಳು ಮಾತ್ರ ಹನ್ನೊಂದೇ. ಹತ್ತನೇ ತರಗತಿಗೆ ಒಬ್ಬಳೇ ಹುಡುಗಿ, ಟೆಸ್ಸಾ ಸ್ಟ್ರಿಕ್‌ಲ್ಯಾಂಡ್. ಒಬ್ಬಳಿಗೋಸ್ಕರ ಗಣಿತದ ಟೀಚರನ್ನು ಫೆರ್ರಿ ಹಡಗು ಹತ್ತಿಸಿ ಯಾರು ಕಳಿಸುತ್ತಾರೆ, ಹೇಳಿ. ಅದಕ್ಕೇ ಅವಳು ಶಾಲೆಯ ಪುಟ್ಟ ಕೋಣೆಯೊಂದರಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾಳೆ. ಐನೂರು ಕಿಲೋಮೀಟರ್ ಆಚೆಯಿಂದ ನೋಸ್‌ವರ್ದಿ ಮಿಸ್ ಆನ್‌ಲೈನಲ್ಲಿ ಪಾಠ ಮಾಡುತ್ತಾರೆ. ಬೇರೆ ಬೇರೆ ಊರಿನ ಇನ್ನೂ ಹದಿನೇಳು ಮಕ್ಕಳು ಪರದೆಯ ಅಂಚಿನಲ್ಲಿರುತ್ತಾರೆ, ಬರೀ ಹೆಸರುಗಳಾಗಿ.

ಕ್ರಿಸ್‌ಮಸ್ ತನಕ ಎಲ್ಲ ಸಲೀಸಾಗಿತ್ತು. ಆಮೇಲೆ ತ್ರಿಕೋನಮಿತಿ ಬಂತು ನೋಡಿ, ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು. ಎರಡನೆಯದರಲ್ಲಿ ಎರಡು. ಪರೀಕ್ಷೆ ಅಂದರೆ ಉತ್ತರ ಮಾತ್ರ ಟೈಪ್ ಮಾಡೋದು, ಅಂಕ ಕೊಡೋದು ಯಂತ್ರ. ಲೆಕ್ಕ ಮಾಡಿದ ನೋಟ್‌ಬುಕ್ ಯಾರ ಕಣ್ಣಿಗೂ ಬೀಳೋದಿಲ್ಲ. ಮಿಸ್ ಎರಡು ಸಲ ಸಂದೇಶ ಕಳಿಸಿದರು, "ಬಾ ಟೆಸ್ಸಾ, ಮಾತಾಡೋಣ" ಅಂತ. ಟೆಸ್ಸಾ ಉತ್ತರ ಬರೆಯಲಿಲ್ಲ. ಏನಂತ ಬರೆಯೋದು? ನಾನು ದಡ್ಡಿ ಅಂತ ತಾನೇ ಬರೆದುಕೊಳ್ಳೋಕಾಗುತ್ತಾ?

ಅವಳ ಆಸೆ ಒಂದೇ. ಊರಿಗೆ ಬರುವ ಫೆರ್ರಿಯಲ್ಲಿ ಅಧಿಕಾರಿಯಾಗಿ, ಚುಕ್ಕಾಣಿಯ ಕೋಣೆಯಲ್ಲಿ ನಿಲ್ಲಬೇಕು. ನಾವಿಕರ ಕಾಲೇಜು ಸೇರೋಕೆ ಈ ಗಣಿತ ಬೇಕೇ ಬೇಕು. ಇದನ್ನು ಬಿಟ್ಟು ಸುಲಭದ ಗಣಿತಕ್ಕೆ ಹೋದರೆ ಆ ಬಾಗಿಲು ಮುಚ್ಚಿದ ಹಾಗೇ. ವಿಷಯ ಬದಲಿಸುವ ಫಾರ್ಮ್ ಕೊಡೋಕೆ ಶುಕ್ರವಾರ ಕೊನೆಯ ದಿನ.

ಬುಧವಾರ ಶಾಲೆ ಬಿಟ್ಟ ಮೇಲೆ ಆ ಫಾರ್ಮ್ ಅಡುಗೆಮನೆಯ ಮೇಜಿನ ಮೇಲಿತ್ತು. ಅಪ್ಪ ವಿನ್ಸ್ ಪೆನ್ ಹಿಡಿದು ಕೂತಿದ್ದ. ಏಡಿ ಹಿಡಿಯುವ ಕಾಲಕ್ಕೆ ಅವನು ದೋಣಿ ಹತ್ತುತ್ತಾನೆ, ಉಳಿದ ದಿನ ಮರಗೆಲಸ.

"ನಾನು ಅವತ್ತೇ ಹೇಳ್ದೆ," ಅಂದ. "ಟೀವಿ ನೋಡ್ಕೊಂಡು ಯಾರಾದ್ರೂ ಈಜು ಕಲ್ತಿದ್ದಾರಾ? ಟೀಚರು ಎಲ್ಲೋ, ಮಕ್ಕಳು ಇನ್ನೆಲ್ಲೋ. ಇದೂ ಒಂದು ಕ್ಲಾಸಾ?"

"ಕ್ಲಾಸಿಂದೇನೂ ತಪ್ಪಿಲ್ಲಪ್ಪ. ನನ್ ತಲೇದೇ."

"ತಲೆಗೇನಾಗಿದೆ, ಚೆನ್ನಾಗೇ ಇದೆ. ಇರು, ನಾನೇ ಒಂದು ಲೆಕ್ಕ ಕೊಡ್ತೀನಿ. ಸಭಾಭವನಕ್ಕೆ ಮೆಟ್ಟಿಲ ಬದಲು ರ‍್ಯಾಂಪ್ ಕಟ್ತಾ ಇದೀನಲ್ಲ, ಅದರ ಹೊಸಿಲು ನೆಲದಿಂದ ಎರಡಡಿ ಎತ್ತರ. ಓರೆ ಐದು ಡಿಗ್ರಿ ಅಂತ ಇಟ್ಕೋ. ಹಲಗೆ ಎಷ್ಟುದ್ದ ಬೇಕು?"

ಟೆಸ್ಸಾ ಚಿತ್ರ ಬರೆದಳು. ಕೋನ ಇಲ್ಲಿ, ಅದರ ಎದುರಿಗೆ ಎತ್ತರ, ಓರೆಯಾಗಿ ಹಲಗೆ. ಎತ್ತರವನ್ನು ಕೋನದ ಸೈನ್‌ನಿಂದ ಭಾಗಿಸಬೇಕು. ಕ್ಯಾಲ್ಕುಲೇಟರ್ ತೆಗೆದಳು. ಅದು ದೊಡ್ಡಪ್ಪನ ಮಗ ಡ್ವೇನ್ ಹನ್ನೆರಡನೇ ತರಗತಿ ಮುಗಿಸಿ ಆಲ್ಬರ್ಟಾಗೆ ಕೆಲಸಕ್ಕೆ ಹೋಗುವಾಗ ಕೊಟ್ಟಿದ್ದು, ಅವನಿಗೆ ಕೊಟ್ಟಿದ್ದು ಅವನ ಅಕ್ಕ. ಆ ಊರಲ್ಲಿ ಬೂಟು, ಕೋಟು, ಕ್ಯಾಲ್ಕುಲೇಟರು ಎಲ್ಲ ಹೀಗೇ, ಕೈಯಿಂದ ಕೈಗೆ.

"ಮೈನಸ್ ಎರಡಡಿ ಚಿಲ್ಲರೆ," ಅಂದಳು ಮೆಲ್ಲಗೆ.

ವಿನ್ಸ್ ನಕ್ಕುಬಿಟ್ಟ. "ಮೈನಸ್ ಎರಡಡಿ ಹಲಗೆ ಯಾವ ಅಂಗಡೀಲಿ ಸಿಗುತ್ತೆ ಮಗಳೇ? ಅಜ್ಜಿಗಳು ರ‍್ಯಾಂಪ್ ಹತ್ತೋದಿರ್ಲಿ, ನೆಲದೊಳಕ್ಕೆ ಇಳೀತಾರೆ."

ಇದು ನಗೋ ಹೊತ್ತಲ್ಲ ಅಂತ ಅವನಿಗೆ ಹೊಳೆಯೋಷ್ಟರಲ್ಲಿ ಟೆಸ್ಸಾ ಕಣ್ಣಲ್ಲಿ ನೀರು ತುಂಬಿತ್ತು. "ಬಿಡು ಮಗಳೇ. ಸಹಿ ಹಾಕ್ಬಿಡ್ತೀನಿ. ಅಳೋಕಂತ ಯಾರಾದ್ರೂ ಓದ್ತಾರಾ?"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮೇವಿಸ್ ಅತ್ತೆ ಒಳಗೆ ಬಂದರು. ಸ್ವಂತ ಅತ್ತೆಯಲ್ಲ, ಊರಿಗೆಲ್ಲ ಅತ್ತೆ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಆನ್‌ಲೈನಲ್ಲೇ ಓದಿ ಹೈಸ್ಕೂಲು ಮುಗಿಸಿದವರು.

"ವಿನ್ಸ್, ಆ ರ‍್ಯಾಂಪ್ ನಾನು ಬದುಕಿರೋವಾಗ್ಲೇ ಮುಗಿಯುತ್ತೋ ಹೇಗೆ?" ಅನ್ನುತ್ತಾ ಕೆಟಲ್‌ಗೆ ತಾವೇ ನೀರು ತುಂಬಿದರು. ತಿರುಗಿದರೆ ಫಾರ್ಮ್ ಕಂಡಿತು. ಓದಿದರು. ವಿನ್ಸ್ ನಡೆದದ್ದೆಲ್ಲ ಹೇಳಿದ.

"ಟೀಚರನ್ನ ಕೇಳಿದ್ಯಾ ಪುಟ್ಟಿ?"

"ಕೇಳ್ಬೇಕು ಅಂದ್ರೆ ಮೈಕ್ ಆನ್ ಮಾಡ್ಬೇಕು ಅತ್ತೆ. ಹದಿನೇಳು ಜನ ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಳಲಿ, ಅವರ ಕಿವಿ ಏನ್ ಉದುರೋಗುತ್ತಾ?"

"ನಗ್ತಾರೆ."

"ನಾನೂ ಹಂಗೇ ಅಂದ್ಕೊಂಡು ಮೂರು ತಿಂಗಳು ತುಟಿ ಹೊಲ್ಕೊಂಡು ಕೂತಿದ್ದೆ. ವಿಡಿಯೋ ನೋಡ್ತಿದ್ರೆ ಎಲ್ಲ ಅರ್ಥ ಆದಂಗೇ ಇರೋದು. ಪೆನ್ಸಿಲ್ ಹಿಡಿದ್ರೆ ಕೈ ಓಡ್ತಿರ್ಲಿಲ್ಲ. ಆ ಮೂರು ತಿಂಗಳು ನೀರಲ್ಲಿ ಹೋಮ."

ವಿನ್ಸ್‌ಗೆ ಇನ್ನೂ ಅನುಮಾನ. "ಅಷ್ಟು ದೂರದಲ್ಲಿರೋ ಟೀಚರಿಗೆ ಇವಳ ತಪ್ಪು ಹೇಗೆ ಕಾಣುತ್ತೆ ಅತ್ತೆ?"

"ಕಾಣಲ್ಲ ಕಣೋ, ಅದಕ್ಕೇ ಹೇಳ್ಬೇಕು. ಎದುರಿಗೆ ಇದ್ದಿದ್ರೆ ಬೆನ್ನ ಹಿಂದೆ ಬಂದು ಬಗ್ಗಿ ನೋಡೋರು. ಇಲ್ಲಿ ನಾವೇ ಕರೀಬೇಕು." ಆಮೇಲೆ ಟೆಸ್ಸಾ ಕಡೆ ತಿರುಗಿದರು. "ಅರ್ಥ ಆಗ್ಲಿಲ್ಲ ಅಂತಷ್ಟೇ ಅನ್ಬೇಡ. ಅದರಿಂದ ಅವರಿಗೇನೂ ತಿಳಿಯಲ್ಲ. ಈ ಹಲಗೆ ಲೆಕ್ಕಾನೇ ಹೇಳು. ಏನು ಬರೆದೆ, ಯಾವ ಗುಂಡಿ ಒತ್ತಿದೆ, ಏನು ಬಂತು, ಒಂದೊಂದಾಗಿ."

ವಿನ್ಸ್ ಪೆನ್ ಕೆಳಗಿಟ್ಟ. "ನಾಳೆ ಒಂದಿನ ನೋಡೋಣ," ಅಂದು ಫಾರ್ಮನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಗುರುವಾರ ಹನ್ನೊಂದಕ್ಕೆ ಕ್ಲಾಸು. ಟೆಸ್ಸಾಳ ಬೆರಳು ಮೂರು ಸಲ ಮೈಕಿನ ಗುರುತಿನ ತನಕ ಹೋಗಿ ವಾಪಸ್ ಬಂತು. ನಾಲ್ಕನೇ ಸಲ ಕಣ್ಣು ಮುಚ್ಚಿಕೊಂಡು ಒತ್ತಿಯೇಬಿಟ್ಟಳು.

"ಮಿಸ್, ನಾನು ಟೆಸ್ಸಾ. ನನ್ ಹಲಗೆ ಮೈನಸ್ ಬರ್ತಿದೆ."

ಯಾರೋ ಕಿಸಕ್ಕನೆ ನಕ್ಕರು. ಆದರೆ ಬಾಯಿ ತೆರೆದಾಗಿತ್ತು, ಇನ್ನು ಮುಚ್ಚಿ ಪ್ರಯೋಜನವಿಲ್ಲ. ಎತ್ತರ, ಕೋನ, ಒತ್ತಿದ ಗುಂಡಿ ಎಲ್ಲ ಹೇಳಿದಳು.

"ಮೂವತ್ತರ ಸೈನ್ ಒತ್ತು ನೋಡೋಣ," ಅಂದರು ಮಿಸ್.

"ಮೈನಸ್ ಸೊನ್ನೆ ಪಾಯಿಂಟ್ ಒಂಬತ್ತು ಎಂಟು."

"ಸೊನ್ನೆ ಪಾಯಿಂಟ್ ಐದು ಬರ್ಬೇಕಿತ್ತು. ಕ್ಯಾಲ್ಕುಲೇಟರ್ ಮೇಲ್ತುದೀಲಿ ಸಣ್ಣಕ್ಷರದಲ್ಲಿ ಏನಾದ್ರೂ ಇದೆಯಾ?"

"ರಾಡ್ ಅಂತಿದೆ."

"ಅಷ್ಟೇ ಟೆಸ್ಸಾ. ನಿನ್ನ ಲೆಕ್ಕ ಸರಿಯಾಗೇ ಇದೆ. ಕೋನ ಅಳೆಯೋಕೆ ಡಿಗ್ರಿ ಅಲ್ಲದೆ ರೇಡಿಯನ್ ಅಂತ ಇನ್ನೊಂದು ಅಳತೆ ಇದೆ, ಅಡಿ ಮತ್ತು ಮೀಟರ್ ಇದ್ದ ಹಾಗೆ. ದೊಡ್ಡ ತರಗತಿಯವರು ಬಳಸ್ತಾರೆ. ನೀನು ಐದು ಡಿಗ್ರಿ ಅಂತೀಯ, ಅದು ಐದು ರೇಡಿಯನ್ ಅಂದ್ಕೊಂಡಿದೆ. ಮೊದ್ಲು ಅದು ಯಾರ ಹತ್ರ ಇತ್ತು?"

"ಡ್ವೇನ್ ಹತ್ರ, ಹನ್ನೆರಡನೇ ತರಗತೀಲಿ."

"ಅವನು ಹಾಗೇ ಬಿಟ್ಟು ಹೋಗಿದ್ದಾನೆ. ಮೋಡ್ ಗುಂಡಿ ಒತ್ತಿ ಡಿಗ್ರಿ ಆರಿಸ್ಕೋ. ಈಗ ಒತ್ತು."

ಸೊನ್ನೆ ಪಾಯಿಂಟ್ ಐದು. ಟೆಸ್ಸಾಗೆ ಹೋದ ಜೀವ ಬಂದ ಹಾಗಾಯಿತು. ಮೂರು ವಾರದಿಂದ ತನ್ನನ್ನು ತಾನೇ ದಡ್ಡಿ ಅಂತ ಬೈದುಕೊಂಡಿದ್ದಳಲ್ಲ, ಒಂದು ಗುಂಡಿಯ ತಪ್ಪಿಗೆ. ನೋಟ್‌ಬುಕ್ಕಿನ ಫೋಟೋ ಕಳಿಸು, ಸೋಮವಾರ ಎರಡೂ ಪರೀಕ್ಷೆ ಮತ್ತೆ ಬರೆಯುವೆಯಂತೆ ಅಂದರು ಮಿಸ್.

ಆಗ ಪರದೆಯ ಅಂಚಿನಲ್ಲಿ ಇನ್ನೊಂದು ಹೆಸರು ಬೆಳಗಿತು. ಬ್ರೆಂಟ್ ಅನ್ನೋ ಹುಡುಗ, ಯಾವ ಊರೋ ಏನೋ.

"ಮಿಸ್, ನಂದ್ರಲ್ಲೂ ರಾಡ್ ಅಂತಿದೆ. ಆಗ ನಕ್ಕಿದ್ದು ನಾನೇ. ಸಾರಿ ಟೆಸ್ಸಾ. ಮೈನಸ್ ಬರ್ತಿರೋದು ನನಗೊಬ್ಬನಿಗೇ ಅಂದ್ಕೊಂಡಿದ್ದೆ. ನಾಳೆ ಈ ಗಣಿತಾನೇ ಬಿಡೋಣ ಅಂತಿದ್ದೆ."

ಸಂಜೆ ಟೆಸ್ಸಾ ನೇರ ಸಭಾಭವನಕ್ಕೆ ಓಡಿದಳು. ವಿನ್ಸ್ ಹಲಗೆ ಜೋಡಿಸುತ್ತಿದ್ದ.

"ಇಪ್ಪತ್ಮೂರಡಿ ಅಪ್ಪ."

"ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಅಂತ ನಾನು ಇಪ್ಪತ್ನಾಲ್ಕು ಹಿಡಿದಿದೀನಿ. ಒಂದಡಿ ಎಲ್ಲಿ ನುಂಗಿದೆ?"

"ನಿನ್ನ ಓರೆ ಐದು ಡಿಗ್ರಿಗಿಂತ ಚೂರು ಕಮ್ಮಿ. ಹತ್ತಿರ ಹತ್ತಿರ ನಾಲ್ಕೂ ಮುಕ್ಕಾಲು."

ವಿನ್ಸ್ ತನ್ನ ರ‍್ಯಾಂಪನ್ನೊಮ್ಮೆ, ಮಗಳನ್ನೊಮ್ಮೆ ನೋಡಿದ. ಇಪ್ಪತ್ತು ವರ್ಷದಿಂದ ಬಾಯಿಲೆಕ್ಕದಲ್ಲಿ ಇಟ್ಟ ಓರೆ ಸರಿಯಾಗಿ ಎಷ್ಟು ಡಿಗ್ರಿ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಜೇಬಿಂದ ಫಾರ್ಮ್ ತೆಗೆದು, ಮಗುಚಿ, ಪೆನ್ಸಿಲ್ ಕೊಟ್ಟ.

"ಇದರ ಬೆನ್ನಿಗೇ ಬರಿ. ಕೋನ ಎಲ್ಲಿ, ಎತ್ತರ ಎಲ್ಲಿ, ನಂಗೂ ತೋರ್ಸು."

ಆನ್‌ಲೈನಲ್ಲಿ ಕಲಿಯುತ್ತಿರೋ ಮಕ್ಕಳೇ, ತ್ರಿಕೋನದ ಲೆಕ್ಕಕ್ಕೆ ಕೂರೋ ಮುಂಚೆ ಮೂವತ್ತರ ಸೈನ್ ಒತ್ತಿ ನೋಡಿ, ಸೊನ್ನೆ ಪಾಯಿಂಟ್ ಐದು ಬಂದರೆ ಮುಂದುವರೀರಿ. ವಿಡಿಯೋ ನೋಡುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಅಪ್ಪ ಅಮ್ಮಂದಿರೇ, ಎಷ್ಟು ಅಂಕ ಅಂತ ಕೇಳೋ ಬದಲು, ಇವತ್ತು ಟೀಚರಿಗೆ ಏನು ಕೇಳಿದೆ ಅಂತ ಕೇಳಿ. ತಿಳಿಯದಿದ್ದರೆ ನಾಳೆಯೇ ಮೈಕ್ ಆನ್ ಮಾಡಿ. ನೀವು ಕೇಳೋ ಆ ಒಂದು ಪ್ರಶ್ನೆಗಾಗಿ ಇನ್ಯಾವುದೋ ಊರಲ್ಲಿ ಒಂದು ಮಗು ಬಾಯಿ ಮುಚ್ಚಿಕೊಂಡು ಕಾಯ್ತಾ ಇರುತ್ತೆ.