ಪಾದದ ಭಾರ ಇಳಿಸುವ ಕೋಲು

ಜಗಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ಓಬಣ್ಣನಿಗೆ ಸಕ್ಕರೆ ಕಾಯಿಲೆ ಇತ್ತು. ಅಂಗಾಲು ಜೋಮು ಹಿಡಿದು, ಏನು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಹುಣ್ಣಾಯಿತು. ನೋವಿಲ್ಲವಲ್ಲ ಎಂದು ಅದೇ ಕಾಲಲ್ಲಿ ಕುರಿಗಳ ಹಿಂದೆ ನಡೆದ. ಕೀವು ಮೂಳೆಗಿಳಿಯಿತು. ಆಸ್ಪತ್ರೆಯಲ್ಲಿ ಪಾದ ತೆಗೆದರು. ನಂಜು ಅಷ್ಟಕ್ಕೇ ನಿಲ್ಲಲಿಲ್ಲ. ಶೇಂಗಾ ಕೀಳುವ ಹೊತ್ತಿಗೆ ಓಬಣ್ಣ ಇರಲಿಲ್ಲ.

ಮರುವರ್ಷ ಅವನ ಹೆಂಡತಿ ಉಚ್ಚಂಗಮ್ಮನಿಗೂ ಅದೇ ಕಾಯಿಲೆ ಎಂದು ತಿಳಿಯಿತು. ಅವಳ ಅಂಗಾಲಿನಲ್ಲೂ ಅದೇ ಜಾಗದಲ್ಲಿ ಚರ್ಮ ಕಲ್ಲಿನಂತೆ ಗಟ್ಟಿಯಾಗಿತ್ತು. ಮನೆಗೆ ಬಂದ ನರ್ಸ್ ಅರ್ಪಿತಾ, ನಡೆಯುವಾಗ ಭಾರವೆಲ್ಲ ಅಲ್ಲೇ ಬೀಳುತ್ತಿದೆ, ಹೀಗೇ ಬಿಟ್ಟರೆ ಅಲ್ಲೂ ಹುಣ್ಣಾಗುತ್ತದೆ, ಎರಡೂ ಕೈಯಲ್ಲಿ ಕೋಲು ಊರಿ ನಡೆಯಿರಿ ಎಂದಳು.

ಉಚ್ಚಂಗಮ್ಮ ಒಪ್ಪಲಿಲ್ಲ. ಗಂಡ ಸತ್ತವಳು ಕುಂಟಿಯೂ ಆದಳು ಎಂದು ಊರವರು ಆಡಿಕೊಳ್ಳುತ್ತಾರೆ ಎಂದಳು. ಮಗ ದುರುಗೇಶನಿಗೂ ನಂಬಿಕೆ ಬರಲಿಲ್ಲ.

"ಕೋಲು ಹಿಡಿಯೋದು ಕೈಯಾಗೆ. ಕಾಲಿಗೆ ಏನು ಉಪಯೋಗ ಐತೆ ಮೇಡಂ?" ಎಂದ.

ಅರ್ಪಿತಾ ತಾನು ತಂದಿದ್ದ ತೂಕದ ಯಂತ್ರದ ಮೇಲೆ ಉಚ್ಚಂಗಮ್ಮನನ್ನು ನಿಲ್ಲಿಸಿದಳು. ಎರಡು ಕೋಲು ಕೊಟ್ಟು, ಪಕ್ಕದ ನೆಲಕ್ಕೆ ಊರಿ ಒತ್ತಲು ಹೇಳಿದಳು. ತೂಕದ ಮುಳ್ಳು ಹಿಂದಕ್ಕೆ ಸರಿಯಿತು. ಒತ್ತುವುದು ಬಿಟ್ಟಾಗ ಮತ್ತೆ ಮುಂದಕ್ಕೆ ಬಂತು.

"ನೋಡ್ರಿ ಅಮ್ಮ, ಕೋಲಿನ ಮೇಲೆ ಒತ್ತಿದಷ್ಟೂ ಭಾರ ಕೈಗೆ ಬರ್ತೈತೆ. ಪಾದಕ್ಕೆ ಅಷ್ಟು ಕಮ್ಮಿ."

ಉಚ್ಚಂಗಮ್ಮ ಕೆಳಗಿಳಿಯಲಿಲ್ಲ. ಆ ಮುಳ್ಳನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿ ಬಂತು.

"ನಮ್ಮ ಯಜಮಾನ್ರು ಕುರಿ ಕಾಯೋ ಕೋಲು ಹೆಗಲ ಮೇಲೆ ಹೊತ್ಕೊಂಡೇ ತಿರುಗಿದ್ರು ಕಣವ್ವ. ಒಂದು ದಿನಾನೂ ನೆಲಕ್ಕೆ ಊರಲಿಲ್ಲ. ನಮಗೆ ಯಾರಿಗೂ ಇದು ಗೊತ್ತೇ ಇರಲಿಲ್ಲ."

ಅರ್ಪಿತಾ ಅವಳ ಕೈ ಹಿಡಿದು ಕೆಳಗಿಳಿಸಿದಳು. ಆಮೇಲೆ, ಕೋಲೊಂದೇ ಸಾಲದು, ಮಾತ್ರೆ ಬಿಡಬಾರದು, ಮೆತ್ತನೆಯ ಚಪ್ಪಲಿ ಬೇಕು, ಹುಣ್ಣಾದರೆ ಓಡಾಡದೆ ತಕ್ಷಣ ಡಾಕ್ಟರಿಗೆ ತೋರಿಸಬೇಕು ಎಂದು ತಿಳಿಸಿದಳು.

ದುರುಗೇಶ ಅವ್ವನ ಮೊಣಕೈ ಎತ್ತರಕ್ಕೆ ಎರಡು ಬಿದಿರು ಕೋಲು ಕತ್ತರಿಸಿ, ಜಾರದಂತೆ ತುದಿಗೆ ಹಳೆ ಟೈರಿನ ರಬ್ಬರ್ ಕಟ್ಟಿದ. ಸಂಜೆ ಉಚ್ಚಂಗಮ್ಮ ಆ ಕೋಲು ಊರಿಕೊಂಡು, ಓಬಣ್ಣನನ್ನು ಮಣ್ಣು ಮಾಡಿದ ಹೊಲದವರೆಗೆ ಹೋಗಿ ಬಂದಳು. ದಾರಿಯಲ್ಲಿ ಒಬ್ಬಿಬ್ಬರು ತಿರುಗಿ ನೋಡಿದರು. ಅವಳು ನಿಲ್ಲಲಿಲ್ಲ.

ಸಕ್ಕರೆ ಕಾಯಿಲೆ ಇರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಮಲಗುವ ಮುಂಚೆ ನಿಮ್ಮ ಅಂಗಾಲು ನೋಡಿಕೊಳ್ಳಿ. ನಿಮಗೆ ಕಾಣದಿದ್ದರೆ ಮನೆಯವರಿಗೆ ತೋರಿಸಿ. ಜೋಮು ಇದ್ದರೆ, ಚರ್ಮ ಗಟ್ಟಿಯಾಗಿದ್ದರೆ ಆರೋಗ್ಯ ಕೇಂದ್ರಕ್ಕೆ ಬನ್ನಿ, ಕೋಲು ಊರಿ ನಡೆಯುವುದು ಹೇಗೆಂದು ಕೇಳಿ. ನಾಚಿಕೆ ಬೇಡ. ಓಬಣ್ಣನಿಗೆ ಹೇಳುವವರು ಇರಲಿಲ್ಲ. ನಿಮಗೆ ಹೇಳಿದ್ದೇವೆ.